ರಾಗಿ ಲಕ್ಷ್ಮಣಯ್ಯನವರು

ರಾಗಿ ನಮಗೆಲ್ಲ ಹೊಸ ಧಾನ್ಯವಲ್ಲ. ಕನ್ನಡದ ಮನೆಯಲ್ಲಿ ಅದು ಮುದ್ದೆ, ತೆಲುಗಿನ ಮನೆಯಲ್ಲಿ ಅದೇ ಸಂಗಟಿ. ಕೊಡಿಕೊಂಡದಿಂದ ಗಡಿ ದಾಟಿ ಬಾಗೇಪಲ್ಲಿಯ ಕಡೆಗೆ ಹೋದರೂ, ಇತ್ತ ಹಿಂದೂಪುರದ ಕಡೆಗೆ ತಿರುಗಿದರೂ ಹೆಸರು ಬದಲಾಗುತ್ತದೆಯೇ ಹೊರತು ತಟ್ಟೆಯಲ್ಲಿನ ಉಂಡೆ ಬದಲಾಗುವುದಿಲ್ಲ. ಆದರೆ ಈ ಧಾನ್ಯಕ್ಕಾಗಿ ತಮ್ಮ ಬಾಳನ್ನೇ ಮುಡಿಪಾಗಿಟ್ಟ ವಿಜ್ಞಾನಿಯೊಬ್ಬರ ಹೆಸರನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಕೇಳಿರಲಾರರು. ಅವರೇ ಸಿ.ಎಚ್. ಲಕ್ಷ್ಮಣಯ್ಯನವರು. ಕರ್ನಾಟಕದ ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೂ ರಾಗಿ ಬ್ರಹ್ಮ ಎಂದೂ ಅಭಿಮಾನದಿಂದ ಕರೆದರು. ಬೆಳೆಯ ಹೆಸರೇ ಒಬ್ಬ ಮನುಷ್ಯನ ಹೆಸರಿನ ಭಾಗವಾಗುವುದು ಸಾಮಾನ್ಯವಾದ ಮಾತಲ್ಲ.

ಲಕ್ಷ್ಮಣಯ್ಯನವರು 1921ರಲ್ಲಿ ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ ಜನಿಸಿದರು. ಕೃಷಿ ವಿಜ್ಞಾನವನ್ನು ವ್ಯಾಸಂಗ ಮಾಡಿ, ಮಂಡ್ಯದ ಬಳಿ ಇರುವ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ, ಎಂದರೆ ಜನರ ಬಾಯಲ್ಲಿ ವಿ.ಸಿ. ಫಾರಂ ಎನಿಸಿಕೊಂಡ ಸಂಶೋಧನಾ ಕೇಂದ್ರದಲ್ಲಿ, ತಮ್ಮ ಜೀವನದ ಮುಖ್ಯ ಕಾರ್ಯವನ್ನು ನಡೆಸಿದರು. ಸುತ್ತಲೂ ಕಾವೇರಿಯ ನೀರು, ಕಬ್ಬು ಮತ್ತು ಭತ್ತದ ಹಸಿರು. ಅಂತಹ ನೀರಾವರಿ ಸೀಮೆಯ ನಡುವೆ ಕುಳಿತು ಅವರು ಚಿಂತಿಸಿದ್ದು ಮಳೆಯನ್ನೇ ನಂಬಿದ ಹೊಲದ ಬೆಳೆಯನ್ನು ಕುರಿತು.

ಅವರಿಗಿಂತ ಮೊದಲೂ ರಾಗಿಯ ಮೇಲೆ ಕೆಲಸ ನಡೆದಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿ ಬೆಳೆಸಿದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1918ರಲ್ಲಿ, ಹೆಬ್ಬಾಳದಿಂದ ಎಚ್-22 ಎಂಬ ಆಯ್ಕೆಯ ತಳಿ ಹೊರಬಂದಿತ್ತು. ಆಯ್ಕೆ ಎಂದರೆ ಹೊಲದಲ್ಲಿ ಈಗಾಗಲೇ ಇರುವ ಪೈರುಗಳಲ್ಲಿ ಒಳ್ಳೆಯದನ್ನು ಹುಡುಕಿ, ಅದರ ಬೀಜವನ್ನು ಬೇರೆಯಾಗಿ ಬೆಳೆಸುವುದು. ಆದರೆ ಇರುವುದರಲ್ಲಿ ಒಳ್ಳೆಯದನ್ನು ಆರಿಸುವುದಕ್ಕೆ ಒಂದು ಮಿತಿಯುಂಟು. ಒಂದು ತಳಿಯ ಗಟ್ಟಿತನವೂ ಇನ್ನೊಂದರ ದೊಡ್ಡ ತೆನೆಯೂ ಒಂದೇ ಪೈರಿನಲ್ಲಿ ಬರಬೇಕಾದರೆ ಅವೆರಡನ್ನೂ ಸಂಕರ ಮಾಡಬೇಕು.

ರಾಗಿಯಲ್ಲಿ ಕಷ್ಟವಿರುವುದು ಇಲ್ಲಿಯೇ. ರಾಗಿಯ ಒಂದು ಸಾವಿರ ಕಾಳುಗಳನ್ನು ಎಣಿಸಿ ತೂಗಿದರೆ ಸುಮಾರು ಮೂರು ಗ್ರಾಂ ಆಗುತ್ತದೆ. ಕಾಳೇ ಇಷ್ಟು ಚಿಕ್ಕದಾದರೆ ಹೂವು ಎಷ್ಟಿರಬೇಕು! ಆ ಹೂವು ಅರಳುವುದು ಜಗತ್ತೆಲ್ಲ ಮಲಗಿರುವ ಬೆಳಗಿನ ಜಾವದಲ್ಲಿ. ಅದೂ ಅಲ್ಲದೆ ಅದು ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಬಿಡುತ್ತದೆ. ಹೊರಗಿನ ಪರಾಗಕ್ಕೆ ಅವಕಾಶ ಕೊಡುವುದೇ ಅಪರೂಪ. ಆದುದರಿಂದ ತಳಿ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಎರಡು ತಳಿಗಳ ತೆನೆಗಳನ್ನು ಹೂ ಬಿಡುವ ಮುನ್ನವೇ ಒಂದಕ್ಕೊಂದು ತಾಗುವಂತೆ ಸೇರಿಸಿ ಕಟ್ಟುವುದು. ತಾಯಿ ಪೈರು ಹಸಿರು ಬಣ್ಣದ್ದಾಗಿ, ತಂದೆ ಪೈರು ನೇರಳೆ ಛಾಯೆಯದಾಗಿದ್ದರೆ ಅನುಕೂಲ. ತಾಯಿಯ ತೆನೆಯ ಕಾಳನ್ನು ಮಡಿಯಲ್ಲಿ ಬಿತ್ತಿದಾಗ ಮೂಡುವ ನೂರಾರು ಹಸಿರು ಸಸಿಗಳ ನಡುವೆ ಎಲ್ಲೋ ಒಂದೆರಡು ನೇರಳೆ ಸಸಿ ಕಂಡರೆ ಅದೇ ನಿಜವಾದ ಸಂಕರ. ಅದನ್ನು ಕಿತ್ತು ನೆಟ್ಟು, ಅದರ ಮಕ್ಕಳು ಮೊಮ್ಮಕ್ಕಳನ್ನು ಹಲವು ತಲೆಮಾರು ಬೆಳೆಸಿ, ಬೇಡವಾದುದನ್ನು ಬಿಡುತ್ತಾ ಬೇಕಾದುದನ್ನು ಉಳಿಸುತ್ತಾ ಹೋಗಬೇಕು. ಒಂದು ತಳಿ ರೈತನ ಕೈಗೆ ಬರಲು ಹಲವಾರು ವರ್ಷಗಳು ಹಿಡಿಯುತ್ತವೆ. ಇದು ಆತುರದವರ ಕೆಲಸವಲ್ಲ.

ಈ ತಾಳ್ಮೆಯ ಕೆಲಸವನ್ನು ಲಕ್ಷ್ಮಣಯ್ಯನವರು ದಶಕಗಳ ಕಾಲ ಮಾಡಿದರು. 1950ರ ದಶಕದಿಂದ 1960ರ ದಶಕದವರೆಗೆ ಅರುಣಾ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಒಂದರ ಹಿಂದೆ ಒಂದರಂತೆ ರೈತರ ಹೊಲಕ್ಕೆ ಬಂದವು. ಈ ಹೆಸರುಗಳನ್ನು ನೋಡಿರಿ. ಬೆಳಗಿನಿಂದ ಮೊದಲಾಗಿ ತುಂಬಿದ ಕಣಜದವರೆಗೆ ರೈತನ ಆಸೆಯೆಲ್ಲ ಅವುಗಳಲ್ಲಿಯೇ ಇದೆ.

ಅದೇ ಕಾಲದಲ್ಲಿ ದೇಶದಲ್ಲಿ ಆಹಾರದ ಅಭಾವ ತಲೆದೋರಿತ್ತು. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಿತು. ನಾರ್ಮನ್ ಬೋರ್ಲಾಗ್ ಅವರು ಮೆಕ್ಸಿಕೋದಲ್ಲಿ ಬೆಳೆಸಿದ ಗಿಡ್ಡ ಗೋಧಿಯ 18,000 ಟನ್ ಬೀಜವನ್ನು ಭಾರತವು 1966ರಲ್ಲಿ ಹಡಗಿನಲ್ಲಿ ತರಿಸಿಕೊಂಡಿತು. ಪಂಜಾಬಿನ ಹೊಲಗಳು ಬಂಗಾರವಾದವು. ಹಸಿರು ಕ್ರಾಂತಿಯ ಹೆಸರು ಎಲ್ಲೆಡೆ ಹಬ್ಬಿತು. ಆದರೆ ಆ ಗೋಧಿಗೆ ಕಾಲುವೆಯ ನೀರು ಬೇಕು, ಗೊಬ್ಬರ ಬೇಕು. ಕೆಮ್ಮಣ್ಣಿನ ಎರಡೆಕರೆ ಹೊಲ ಇಟ್ಟುಕೊಂಡು ಮೋಡವನ್ನು ನೋಡುತ್ತಾ ಕೂರುವ ರೈತನಿಗೆ ಅದರಿಂದ ಏನು ಪ್ರಯೋಜನ? ಅವನ ಬಳಿ ಇದ್ದದ್ದು ರಾಗಿಯೊಂದೇ. ಮಳೆ ತಡವಾದರೂ ತಡೆದುಕೊಂಡು ನಿಲ್ಲುವುದು ಅದು. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿದು ಬರಗಾಲದಲ್ಲಿ ಮನೆಯನ್ನು ಕಾಪಾಡುವುದು ಅದು. ಆ ಬಡವನ ಧಾನ್ಯಕ್ಕೂ ಒಂದು ಕ್ರಾಂತಿ ಬೇಕಾಗಿತ್ತು.

ಲಕ್ಷ್ಮಣಯ್ಯನವರ ದೃಷ್ಟಿ ಆಫ್ರಿಕಾದ ಕಡೆಗೆ ಹರಿಯಿತು. ರಾಗಿಯ ತವರು ಉಗಾಂಡ, ಇಥಿಯೋಪಿಯಗಳ ಎತ್ತರದ ಸೀಮೆ. ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ನಾಡಿಗೆ ಬಂದು ಇಲ್ಲಿಯದೇ ಆಗಿಹೋಯಿತು. ಆಫ್ರಿಕಾದ ರಾಗಿಗೆ ದಪ್ಪ ದಂಟು, ಗಟ್ಟಿಯಾದ ದೊಡ್ಡ ತೆನೆ. ಆದರೆ ಕಟಾವಿಗೆ ಬರುವುದು ತಡ. ನಮ್ಮ ರಾಗಿ ಬೇಗ ಮಾಗುತ್ತದೆ, ಇಲ್ಲಿಯ ಮಳೆಗೆ ಹೊಂದಿಕೊಂಡಿದೆ. ಆದರೆ ಇಳುವರಿ ಕಡಮೆ. ಇವೆರಡನ್ನೂ ಅವರು ಕೂಡಿಸಿದರು. ತವರು ಬಿಟ್ಟು ಬಂದ ಮಗಳಿಗೂ ತವರಿನವರಿಗೂ ಎಷ್ಟೋ ಯುಗಗಳ ಮೇಲೆ ಮತ್ತೆ ಸಂಬಂಧ ಬೆಳೆದಂತಾಯಿತು. ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ಈ ತಳಿಗಳಿಗೆ ಇಂಡಾಫ್ ಎಂದು ಹೆಸರಿಟ್ಟರು.

1970ರ ದಶಕದಿಂದ ಇಂಡಾಫ್ ತಳಿಗಳು ಹೊಲಕ್ಕಿಳಿದವು. ಇಂಡಾಫ್-5ಕ್ಕೆ ಅವರದೇ ಕಾವೇರಿ ತಳಿ ತಾಯಿ. ಇಂಡಾಫ್-8ಕ್ಕೆ ನಮ್ಮ ರೈತರ ಹಳೆಯ ಹುಲ್ಲುಬೆಳೆ ರಾಗಿಯೇ ತಾಯಿ. ಮುಂಗಾರಿನಲ್ಲಿ ಬೇಗ ಬಿತ್ತುವವರಿಗೆ ಇಂಡಾಫ್-8, ಚಳಿಯ ದಿನಗಳ ಬೆಳೆಗೆ ಇಂಡಾಫ್-7, ಬೇಸಿಗೆಯ ಬೆಳೆಗೆ ಬೇಗ ಮಾಗುವ ಇಂಡಾಫ್-9 ಎಂದು ಒಂದೊಂದು ಕಾಲಕ್ಕೂ ಒಂದೊಂದು ತಳಿ ಸಿದ್ಧವಾಯಿತು. ಎಂದರೆ ಮಳೆ ಯಾವಾಗ ಬಂದರೂ ಬಿತ್ತುವುದಕ್ಕೆ ರೈತನ ಕೈಯಲ್ಲಿ ಬೀಜವಿದ್ದಿತು. ಹಿಂದೆ ಹೆಕ್ಟೇರಿಗೆ ಸರಾಸರಿ ಏಳೆಂಟು ಕ್ವಿಂಟಾಲ್ ಕೊಡುತ್ತಿದ್ದ ರಾಗಿ ಮುಂದಿನ ದಶಕಗಳಲ್ಲಿ ಅದರ ಎರಡರಷ್ಟನ್ನು ಕೊಡತೊಡಗಿತು. ದೇಶದಲ್ಲಿ ರಾಗಿ ಬೆಳೆಯುವ ಭೂಮಿ ಸುಮಾರು ಅರ್ಧಕ್ಕೆ ಇಳಿದರೂ ಮುದ್ದೆಗೆ ಕೊರತೆ ಬಾರದೆ ಇದ್ದುದಕ್ಕೆ ಈ ಸುಧಾರಿತ ತಳಿಗಳೇ ಮುಖ್ಯ ಕಾರಣ.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ಅವರ ತಳಿಗಳಿಗೂ ಒಂದು ಶತ್ರು ಉಳಿದಿತ್ತು. ಅದು ತೆನೆಯ ಕುತ್ತಿಗೆಯನ್ನು ಹಿಡಿದು ಕಾಳನ್ನು ಜೊಳ್ಳು ಮಾಡುವ ಬೆಂಕಿ ರೋಗ. ಅವರ ನಂತರದವರು ಇಂಡಾಫ್-5 ಮತ್ತು ಇಂಡಾಫ್-9ರ ವಂಶದಲ್ಲಿಯೇ ರೋಗ ತಡೆಯುವ ಗುಣವನ್ನು ಸೇರಿಸಿ ಜಿ.ಪಿ.ಯು.-28 ಎಂಬ ತಳಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಬೆಳೆಸಿದರು. ಅದು ಕರ್ನಾಟಕದಲ್ಲೆಲ್ಲ ಹರಡಿತು. ಹೀಗೆ ಗುರುವಿನ ಕೆಲಸವನ್ನು ಮುಂದಿನವರು ಮುಂದುವರಿಸಿದರು. ವಿಜ್ಞಾನ ಬೆಳೆಯುವ ಕ್ರಮವೇ ಇದು.

ನಮ್ಮ ಸೀಮೆಯಲ್ಲಿ ಶೇಂಗಾ ಬಂದ ಮೇಲೆ ರಾಗಿಯ ಹೊಲಗಳು ಕಡಮೆಯಾದವು. ಶೇಂಗಾ ಹಣ ತಂದಿತು; ಮಳೆ ತಪ್ಪಿದ ವರ್ಷ ಸಾಲವನ್ನೂ ತಂದಿತು. ಅಂತಹ ವರ್ಷದಲ್ಲಿ ಮನೆಯ ಮೂಲೆಯ ಒಂದು ಮೂಟೆ ರಾಗಿಯ ಬೆಲೆ ಏನೆಂಬುದನ್ನು ಹಿರಿಯರು ಬಲ್ಲರು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಪಟ್ಟಣದವರೂ ರಾಗಿಯ ಗುಣವನ್ನು ಹೊಗಳಿದರು. ಯಾರೂ ಹೊಗಳದ ಕಾಲದಲ್ಲಿಯೇ ಅದರ ಬೆಲೆಯನ್ನು ಕಂಡವರು ಲಕ್ಷ್ಮಣಯ್ಯನವರು.

ವಿದ್ಯಾರ್ಥಿಗಳೇ, ದೊಡ್ಡ ಕೆಲಸಕ್ಕೆ ದೊಡ್ಡ ವಸ್ತುವೇ ಬೇಕೆಂದಿಲ್ಲ. ಸಾಸಿವೆಗಿಂತ ಚಿಕ್ಕದಾದ ಒಂದು ಕಾಳನ್ನು ಹಿಡಿದು, ಅದನ್ನು ಬಿಡದೆ ಬಾಳಿನುದ್ದಕ್ಕೂ ಗಮನಿಸಿದವರು ಲಕ್ಷಾಂತರ ಮನೆಗಳ ಹಸಿವನ್ನು ತಗ್ಗಿಸಿದರು. ಮುಂದೆ ನಿಮ್ಮಲ್ಲಿ ಯಾರಾದರೂ ಕೃಷಿ ವಿಜ್ಞಾನವನ್ನು ಓದುವುದಾದರೆ, ನಮ್ಮ ಕೆಮ್ಮಣ್ಣಿನ ಹೊಲವೂ ನಿಮಗಾಗಿ ಕಾದಿದೆ ಎಂಬುದನ್ನು ಮರೆಯದಿರಿ.