ಹಸಿದ ಮಕ್ಕಳಿಗಾಗಿ ತಂಡ ಕಟ್ಟಿದ ಬ್ರದರ್ ವಾಲ್‌ಫ್ರಿಡ್

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೊರಟವರಿಗೆ, ತೋರಣಗಲ್ಲು ಸಮೀಪಿಸುತ್ತಲೇ ಉಕ್ಕಿನ ಕಾರ್ಖಾನೆಯ ಹೊಗೆಕೊಳವೆಗಳು ಗೋಚರಿಸುತ್ತವೆ. ಸಂಡೂರು ತಾಲ್ಲೂಕಿಗೆ ಸೇರಿದ ಆ ನೆಲದಲ್ಲಿ, ಕಾರ್ಖಾನೆಯ ಒಡೆತನದ ಜೆಎಸ್‌ಡಬ್ಲ್ಯು ಸಮೂಹವು 2018ರಲ್ಲಿ ವಿಶಾಲವಾದ ಕ್ರೀಡಾ ತರಬೇತಿ ಸಂಸ್ಥೆಯೊಂದನ್ನು ತೆರೆಯಿತು. ಅದಕ್ಕೂ ಐದು ವರ್ಷ ಮೊದಲು, 2013ರಲ್ಲಿ, ಇದೇ ಸಮೂಹವು ಹುಟ್ಟುಹಾಕಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ತನ್ನ ಪ್ರಥಮ ಋತುವಿನಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದುಕೊಂಡಿತು. 2019ರಲ್ಲಿ ಆ ಕ್ಲಬ್ಬು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರೇಂಜರ್ಸ್ ತಂಡದೊಡನೆ ಸಹಕಾರದ ಒಪ್ಪಂದ ಮಾಡಿಕೊಂಡಿತು. ರೇಂಜರ್ಸ್ ಎಂದೊಡನೆ ಕ್ರೀಡಾಪ್ರಿಯರಿಗೆ ನೆನಪಾಗುವುದು ಅದರ ಹಳೆಯ ಎದುರಾಳಿ ಸೆಲ್ಟಿಕ್. ಜಗತ್ಪ್ರಸಿದ್ಧವಾದ ಆ ಕ್ಲಬ್ಬನ್ನು ಸ್ಥಾಪಿಸಿದವರು ಬಡವರ ಕೇರಿಯಲ್ಲಿ ಪಾಠ ಹೇಳುತ್ತಿದ್ದ ಓರ್ವ ಕಥೋಲಿಕ ಸಹೋದರರೆಂಬುದು, ಸ್ಥಾಪಿಸಿದ್ದು ಮಕ್ಕಳ ಮಧ್ಯಾಹ್ನದ ಊಟಕ್ಕಾಗಿ ಎಂಬುದು ನಮ್ಮ ಕಡೆ ಅನೇಕರಿಗೆ ತಿಳಿದಿರಲಾರದು.

ಅವರ ಜನ್ಮನಾಮ ಆಂಡ್ರೂ ಕೆರಿನ್ಸ್. 1840ರ ಮೇ 18ರಂದು ಐರ್ಲೆಂಡಿನ ಸ್ಲೈಗೋ ಸೀಮೆಯಲ್ಲಿ, ಬ್ಯಾಲಿಮೋಟ್ ಎಂಬ ಊರಿನ ಬಳಿ, ರೈತ ಕುಟುಂಬದಲ್ಲಿ ಜನಿಸಿದರು. ಹುಡುಗನಿಗೆ ಐದು ವರ್ಷ ತುಂಬಿದ ಸಮಯದಲ್ಲಿ ಆ ದೇಶಕ್ಕೆ ಮಹಾಕ್ಷಾಮ ಎರಗಿತು. ಬಡವರ ಏಕೈಕ ಆಹಾರವಾಗಿದ್ದ ಆಲೂಗಡ್ಡೆಯ ಬೆಳೆ ರೋಗ ತಗುಲಿ ಹೊಲದಲ್ಲಿಯೇ ಕೊಳೆತುಹೋಯಿತು. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಮಡಿದರು. ಅಷ್ಟೇ ಸಂಖ್ಯೆಯ ಜನ ಹಡಗು ಹತ್ತಿ ದೇಶ ಬಿಟ್ಟರು. ಧಾತು-ಈಶ್ವರ ಸಂವತ್ಸರಗಳ ಬರವನ್ನು, ಎಂದರೆ 1876ರಿಂದ 1878ರವರೆಗೆ ಬಳ್ಳಾರಿ ಸೀಮೆಯನ್ನು ಬರಿದುಮಾಡಿದ ಕ್ಷಾಮವನ್ನು, ಹಿರಿಯರ ಬಾಯಿಂದ ಕೇಳಿ ಬೆಳೆದ ನಮ್ಮ ಜನಕ್ಕೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಎಳವೆಯಲ್ಲಿ ಕಂಡ ಹಸಿವನ್ನು ಆ ಬಾಲಕ ಕಡೆಯವರೆಗೂ ಮರೆಯಲಿಲ್ಲವೆಂದು ಅವರ ಮುಂದಿನ ಬಾಳನ್ನು ನೋಡಿದ ಯಾರೂ ಊಹಿಸಬಹುದು.

1855ರ ಸುಮಾರಿಗೆ, ಇನ್ನೂ ಹದಿನೈದರ ಹರೆಯದಲ್ಲಿ, ಆಂಡ್ರೂ ಊರಿನ ಗೆಳೆಯನೊಬ್ಬನೊಡನೆ ಸಮುದ್ರ ದಾಟಿ ಗ್ಲಾಸ್ಗೋ ಸೇರಿದನು. ಹಗಲು ರೈಲು ಹಾದಿಯ ಕೂಲಿ, ರಾತ್ರಿ ಶಾಲೆಯಲ್ಲಿ ಅಕ್ಷರಾಭ್ಯಾಸ. ಆ ರಾತ್ರಿ ಶಾಲೆಯ ಮೂಲಕವೇ ಮಾರಿಸ್ಟ್ ಸಹೋದರರ ಪರಿಚಯವಾಯಿತು. ಫ್ರಾನ್ಸಿನಲ್ಲಿ 1817ರಲ್ಲಿ ಮಾರ್ಸೆಲಿನ್ ಶಾಂಪಾಞಾ ಎಂಬ ಗುರುಗಳು ಬಡಮಕ್ಕಳ ಶಿಕ್ಷಣಕ್ಕೆಂದೇ ಆರಂಭಿಸಿದ ಸಭೆ ಅದು. ಆ ಸ್ಥಾಪಕರು 1999ರಲ್ಲಿ ಸಂತಪದವಿಗೇರಿದರು. 1864ರಲ್ಲಿ ಆಂಡ್ರೂ ಫ್ರಾನ್ಸಿಗೆ ತೆರಳಿ ಆ ಸಭೆಯನ್ನು ಸೇರಿ, ಎಂಟನೆಯ ಶತಮಾನದ ಇಟಲಿಯ ಸಂತರೊಬ್ಬರ ಹೆಸರನ್ನು ತಳೆದು ಬ್ರದರ್ ವಾಲ್‌ಫ್ರಿಡ್ ಆದರು.

ವ್ರತ ಸ್ವೀಕರಿಸಿ ಅವರು ಮರಳಿ ಬಂದದ್ದು ಗ್ಲಾಸ್ಗೋ ನಗರದ ಪೂರ್ವ ಭಾಗಕ್ಕೆ. ಗಿರಣಿಗಳ, ಕುಲುಮೆಗಳ ನಡುವೆ ಐರಿಷ್ ವಲಸಿಗರು ಇಕ್ಕಟ್ಟಾದ ಕೋಣೆಗಳಲ್ಲಿ ತುಂಬಿಕೊಂಡಿದ್ದ ಕೇರಿಗಳವು. ಮೊದಲು ಸೇಂಟ್ ಮೇರೀಸ್ ಶಾಲೆಯಲ್ಲಿ ಪಾಠ ಹೇಳಿದ ವಾಲ್‌ಫ್ರಿಡ್ 1874ರಲ್ಲಿ ಬ್ರಿಜ್‌ಟನ್ ಭಾಗದ ಪವಿತ್ರ ಹೃದಯ ಶಾಲೆಯ ಮುಖ್ಯೋಪಾಧ್ಯಾಯರಾದರು. ಬರಿಹೊಟ್ಟೆಯಲ್ಲಿ ಬಂದ ಮಗುವಿನ ಕಿವಿಗೆ ಪಾಠ ಹೋಗುವುದಿಲ್ಲ; ಹಸಿವು ಹೆಚ್ಚಾದರೆ ಮಗು ಶಾಲೆಗೇ ಬರುವುದಿಲ್ಲ. ಇದನ್ನು ಕಂಡ ಅವರು, ಸೇಂಟ್ ಮೇರೀಸ್ ಶಾಲೆಯ ಮುಖ್ಯಸ್ಥರಾಗಿದ್ದ ಬ್ರದರ್ ಡೊರೊಥಿಯಸ್ ಅವರೊಡಗೂಡಿ, ಸಂತ ವಿನ್ಸೆಂಟ್ ಡಿ ಪಾಲ್ ಸಂಘದ ನೆರವಿನಿಂದ ಮಕ್ಕಳಿಗೆ ಪೆನ್ನಿಯ ಊಟವನ್ನು ಆರಂಭಿಸಿದರು. ಆಗಿನ ಪೆನ್ನಿ ಎಂದರೆ ಪೌಂಡಿನ 240ನೆಯ ಒಂದು ಪಾಲು. ಅಷ್ಟನ್ನು ತಂದ ಮಗುವಿಗೆ ಪೂರ್ಣ ಊಟ. ಮನೆಯಿಂದ ರೊಟ್ಟಿ ತಂದರೆ ಅರ್ಧ ಪೆನ್ನಿಗೆ ಒಂದು ಬಟ್ಟಲು ಬಿಸಿ ಸಾರು. ಉಚಿತವಾಗಿ ಹಂಚದೆ ಅಲ್ಪ ಮೊತ್ತವನ್ನು ಇರಿಸಿದ್ದರಿಂದ ತಂದೆತಾಯಿಗಳ ಮಾನವೂ ಉಳಿಯಿತು.

2002ರಲ್ಲಿ ಬಳ್ಳಾರಿಯೂ ಸೇರಿದಂತೆ ಉತ್ತರದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾದಾಗ ಕಂಪ್ಲಿಯ, ಸಂಡೂರಿನ ಶಾಲೆಗಳಲ್ಲಿ ಮಧ್ಯಾಹ್ನದ ಗಂಟೆಗೆ ಮಕ್ಕಳು ತಟ್ಟೆ ಹಿಡಿದು ಸಾಲುಗಟ್ಟಿದ್ದನ್ನು ಕಂಡವರಿಗೆ, ಸರಕಾರದ ಬೆಂಬಲವಿಲ್ಲದೆ ಅಂಥದನ್ನು ಪ್ರತಿದಿನ ನಡೆಸುವುದು ಎಂಥ ಹೊರೆಯೆಂದು ಬೇರೆ ಹೇಳಬೇಕಿಲ್ಲ. ವಾಲ್‌ಫ್ರಿಡ್ ಅವರಿಗೆ ಇನ್ನೂ ಒಂದು ಚಿಂತೆಯಿತ್ತು. ಸಾರು ಹಂಚುತ್ತಿದ್ದ ಪ್ರೊಟೆಸ್ಟೆಂಟ್ ಸಂಸ್ಥೆಗಳ ಬಾಗಿಲಿಗೆ ಹೋದ ಮಕ್ಕಳು ತಮ್ಮ ವಿಶ್ವಾಸವನ್ನೂ ಬಿಟ್ಟುಬಿಟ್ಟಾರೆಂಬುದೇ ಆ ಚಿಂತೆ. ಅವರ ಕಾರ್ಯದ ಹಿಂದೆ ಕರುಣೆಯ ಜೊತೆಗೆ ಈ ಆತಂಕವೂ ಇದ್ದುದನ್ನು ಮರೆಮಾಚುವುದು ಸರಿಯಲ್ಲ.

ದಾನಿಗಳ ಹಣ ಸಾಲದಾದಾಗ ಅವರ ದೃಷ್ಟಿ ಕಾಲ್ಚೆಂಡಾಟದ ಮೇಲೆ ಬಿದ್ದಿತು. ಕಾರ್ಮಿಕರು ಶನಿವಾರ ಮಧ್ಯಾಹ್ನ ಸಾವಿರಗಟ್ಟಲೆ ಸೇರಿ ಪ್ರವೇಶಧನ ತೆತ್ತು ನೋಡುತ್ತಿದ್ದ ಆಟ ಅದು. ಎಡಿನ್‌ಬರೋ ನಗರದಲ್ಲಿ ಕ್ಯಾನನ್ ಹ್ಯಾನನ್ ಎಂಬ ಧರ್ಮಗುರುಗಳ ಆಶ್ರಯದಲ್ಲಿ 1875ರಲ್ಲಿ ಹುಟ್ಟಿದ ಹೈಬರ್ನಿಯನ್ ತಂಡ, 1887ರ ಫೆಬ್ರವರಿಯಲ್ಲಿ ಸ್ಕಾಟಿಷ್ ಕಪ್ ಗೆದ್ದಾಗ ಗ್ಲಾಸ್ಗೋದ ಐರಿಷ್ ಜನ ಹಿರಿಹಿರಿ ಹಿಗ್ಗಿದರು. ಅದೇ ವರ್ಷದ ನವೆಂಬರ್ 6ರಂದು ಸೇಂಟ್ ಮೇರೀಸ್ ಧರ್ಮಕೇಂದ್ರದ ಸಭಾಂಗಣದಲ್ಲಿ ನಡೆದ ಕೂಟದಲ್ಲಿ ಹೊಸ ಕ್ಲಬ್ಬು ರೂಪುಗೊಂಡಿತು. ಕೆಲವರು ಹೈಬರ್ನಿಯನ್ ಹೆಸರನ್ನೇ ಇಡಬಯಸಿದರು. ವಾಲ್‌ಫ್ರಿಡ್ ಸೆಲ್ಟಿಕ್ ಎಂಬ ಹೆಸರನ್ನು ಒತ್ತಿಹೇಳಿದರು. ಐರಿಷರಿಗೂ ಸ್ಕಾಟರಿಗೂ ಸಮಾನವಾದ ಮೂಲವನ್ನು ಸೂಚಿಸುವ ಪದವದು. ಪೂರ್ವ ಭಾಗದ ಮೂರು ಧರ್ಮಕೇಂದ್ರಗಳ ಬಡಮಕ್ಕಳ ಊಟಕ್ಕೆ ನಿಧಿ ಕೂಡಿಸುವುದೇ ಕ್ಲಬ್ಬಿನ ಮುಖ್ಯೋದ್ದೇಶವೆಂದು 1888ರ ಜನವರಿಯ ಮನವಿಪತ್ರ ಸಾರಿತು. ಮಹಾಧರ್ಮಾಧ್ಯಕ್ಷರಾದ ಚಾರ್ಲ್ಸ್ ಐರ್ ಅವರು ಪೋಷಕರಾಗಿ ತಮ್ಮ ದೇಣಿಗೆಯನ್ನಿತ್ತರು.

ಗುತ್ತಿಗೆಗೆ ಪಡೆದ ಬಯಲನ್ನು ಕೇರಿಯ ಜನರೇ ಬಿಡುವಿನ ವೇಳೆಯಲ್ಲಿ ಸಮತಟ್ಟು ಮಾಡಿ ಮೈದಾನವಾಗಿಸಿದರು. ಆಟಗಾರರನ್ನು ಅರಸುತ್ತ ವಾಲ್‌ಫ್ರಿಡ್ ಮತ್ತು ಸಂಗಡಿಗರು ಒಂದು ದಿನ ಟಾಮ್ ಮೇಲಿ ಎಂಬುವನ ಮನೆಗೆ ಹೋದರು. ಅವನು ಮನೆಯಲ್ಲಿರಲಿಲ್ಲ, ಇದ್ದ ತಮ್ಮ ವಿಲ್ಲಿಯನ್ನೂ ಬರಹೇಳಿ ಹಿಂದಿರುಗಿದರು. ಆ ವಿಲ್ಲಿ ಮೇಲಿ ಮುಂದೆ 1897ರಿಂದ 1940ರವರೆಗೆ, ನಲವತ್ತಮೂರು ವರ್ಷ, ಕ್ಲಬ್ಬಿನ ವ್ಯವಸ್ಥಾಪಕನಾದನು. 1888ರ ಮೇ 28ರಂದು ಸೆಲ್ಟಿಕ್ ತನ್ನ ಮೊದಲ ಪಂದ್ಯವಾಡಿತು. ಎದುರಾಳಿ ರೇಂಜರ್ಸ್, ಪ್ರೇಕ್ಷಕರು ಸುಮಾರು 2000, ಸೆಲ್ಟಿಕ್ಕಿಗೆ 5-2ರ ವಿಜಯ. ಪಂದ್ಯ ಮುಗಿದ ಮೇಲೆ ಉಭಯ ತಂಡದವರೂ ಸೇಂಟ್ ಮೇರೀಸ್ ಸಭಾಂಗಣದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಮುಂದೆ ಈ ಎರಡು ತಂಡಗಳ ಅಭಿಮಾನಿಗಳ ನಡುವೆ ಮತದ್ವೇಷ ಬೆಳೆದು, ರಕ್ತಪಾತದವರೆಗೂ ಹೋದುದನ್ನು ನೆನೆದಾಗ ಆ ಸಂಜೆಯ ಊಟ ಕನಸಿನಂತೆ ತೋರುತ್ತದೆ.

ಮೊದಲ ಋತುವಿನಲ್ಲಿಯೇ ದಾನಧರ್ಮಕ್ಕೆ 400 ಪೌಂಡಿಗೂ ಮಿಕ್ಕ ಹಣ ಸಂದಿತು. ಅಂದಿನ ಲೆಕ್ಕಕ್ಕೆ ಅದು ಸುಮಾರು ಒಂದು ಲಕ್ಷ ಪೆನ್ನಿಗಳು. ಆದರೆ ಗೆಲುವಿಗೂ ಬೆಲೆಯಿತ್ತು. ಆಟಗಾರರಿಗೆ ವೇತನ ಕೊಡುವುದು ಸ್ಕಾಟ್ಲೆಂಡಿನಲ್ಲಿ 1893ರವರೆಗೆ ನಿಷಿದ್ಧವಾಗಿದ್ದರೂ ಕ್ಲಬ್ಬುಗಳು ಮರೆಯಲ್ಲಿ ಕೊಡುತ್ತಿದ್ದವು. ಸೆಲ್ಟಿಕ್ ಇದಕ್ಕೆ ಹೊರತಾಗಿರಲಿಲ್ಲ. ಮಾದರಿಯಾಗಿದ್ದ ಹೈಬರ್ನಿಯನ್ನಿನ ಉತ್ತಮ ಆಟಗಾರರನ್ನೇ ಸೆಳೆದುಕೊಂಡಿತು. ಆ ಹಳೆಯ ತಂಡ 1891ರಲ್ಲಿ ಕೆಲಕಾಲ ಮುಚ್ಚಿಯೇ ಹೋಯಿತು. ಹಸಿದವರಿಗೆಂದು ಕಟ್ಟಿದ ತಂಡ ಸೋದರ ತಂಡವೊಂದರ ಅನ್ನ ಕಸಿದದ್ದು ಹೆಮ್ಮೆಯ ಸಂಗತಿಯಲ್ಲವೆಂದೇ ಈ ಲೇಖಕನ ಅಭಿಪ್ರಾಯ.

1892ರ ಏಪ್ರಿಲ್ 9ರಂದು ಕ್ವೀನ್ಸ್ ಪಾರ್ಕ್ ತಂಡವನ್ನು 5-1ರಿಂದ ಸೋಲಿಸಿ ಸೆಲ್ಟಿಕ್ ಪ್ರಥಮ ಬಾರಿಗೆ ಸ್ಕಾಟಿಷ್ ಕಪ್ ಎತ್ತಿಹಿಡಿಯಿತು. ಅದೇ ವರ್ಷ ಮೇಲಧಿಕಾರಿಗಳಿಂದ ವಾಲ್‌ಫ್ರಿಡ್ ಅವರಿಗೆ ಲಂಡನ್ನಿಗೆ ವರ್ಗಾವಣೆಯ ಆಜ್ಞೆ ಬಂದಿತು. ವಿಧೇಯತೆಯ ವ್ರತ ತೊಟ್ಟವರು, ಹೊರಟುಹೋದರು. ಅವರು ಕಣ್ಮರೆಯಾದ ಮೇಲೆ ಆಡಳಿತ ಮಂಡಳಿಯಲ್ಲಿ ವ್ಯಾಪಾರಸ್ಥರ ಮಾತೇ ನಡೆಯತೊಡಗಿತು. ಊಟದ ನಿಧಿಗೆ ಹರಿಯುತ್ತಿದ್ದ ಹಣ ವರ್ಷದಿಂದ ವರ್ಷಕ್ಕೆ ಬತ್ತುತ್ತ ಬಂದು, ಸದಸ್ಯರೊಳಗೆ ವಾಗ್ವಾದಗಳೆದ್ದು, ಕಡೆಗೆ 1897ರಲ್ಲಿ ಕ್ಲಬ್ಬು ಷೇರುದಾರರ ಕಂಪನಿಯಾಯಿತು. ಸಂಸ್ಥಾಪಕರು ಅಲ್ಲಿಯೇ ಇದ್ದಿದ್ದರೆ ಇದು ತಪ್ಪುತ್ತಿತ್ತೇ? ವೇತನ, ಗುತ್ತಿಗೆ, ಹೊಸ ಮೈದಾನದ ಸಾಲ ಇವುಗಳ ಭಾರವನ್ನು ನೋಡಿದರೆ ತಪ್ಪುತ್ತಿತ್ತೆಂದು ಧೈರ್ಯವಾಗಿ ಹೇಳಲಾಗದು.

ಲಂಡನ್ನಿನ ಪೂರ್ವ ಭಾಗದ ಬೆತ್ನಲ್ ಗ್ರೀನ್ ಕೇರಿಯಲ್ಲಿಯೂ ಅವರು ಬರಿಗಾಲಿನ ಹುಡುಗರನ್ನು ಕೂಡಿಸಿ ಆಟವಾಡಿಸಿದರು. 1911ರಲ್ಲಿ ಯುರೋಪ್ ಪ್ರವಾಸ ಮುಗಿಸಿ ಲಂಡನ್ ಮಾರ್ಗವಾಗಿ ಮರಳುತ್ತಿದ್ದ ಸೆಲ್ಟಿಕ್ ತಂಡದವರನ್ನು ಕಂಡು ಮಾತನಾಡಿಸಿದರು. ಆಗ ಅವರಿಗೆ ಎಪ್ಪತ್ತೊಂದರ ವಯಸ್ಸು. ಕೊನೆಯ ದಿನಗಳನ್ನು ಸ್ಕಾಟ್ಲೆಂಡಿನ ಡಮ್‌ಫ್ರೀಸ್ ಪಟ್ಟಣದ ಮಾರಿಸ್ಟ್ ನಿವಾಸದಲ್ಲಿ ಕಳೆದು, 1915ರ ಏಪ್ರಿಲ್ 17ರಂದು ದೈವಾಧೀನರಾದರು. ಅಲ್ಲಿಯ ಸ್ಮಶಾನದಲ್ಲಿ, ಸಹ ಸಹೋದರರ ಸಾಲಿನಲ್ಲಿಯೇ ಅವರ ಸಮಾಧಿಯಿದೆ.

ಅವರ ನಂತರದ ಕಥೆ ದೀರ್ಘವಾದುದು. ನಮ್ಮ ದೇಶಕ್ಕೆ ಸಂಬಂಧಿಸಿದ ಒಂದನ್ನು ಬಿಡಲಾಗದು. 1936ರಲ್ಲಿ ಕಲ್ಕತ್ತದ ಮೊಹಮ್ಮದ್ ಸಲೀಂ, ಬೂಟಿಲ್ಲದೆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಸೆಲ್ಟಿಕ್ಕಿನ ಎರಡನೆಯ ತಂಡದ ಪರ ಎರಡು ಪಂದ್ಯಗಳನ್ನಾಡಿ ಗ್ಲಾಸ್ಗೋ ಜನರನ್ನು ಬೆರಗುಗೊಳಿಸಿದರು. ಆಡಲು ಅನುಮತಿಯಿತ್ತ ವ್ಯವಸ್ಥಾಪಕ, ಹಿಂದೆ ವಾಲ್‌ಫ್ರಿಡ್ ಮನೆಗೆ ಹೋಗಿ ಕರೆದುತಂದಿದ್ದ ಅದೇ ವಿಲ್ಲಿ ಮೇಲಿ. ತಮಗೆ ಬರಬೇಕಿದ್ದ ಹಣವನ್ನು ಸಲೀಂ ಅನಾಥ ಮಕ್ಕಳಿಗೆ ಬಿಟ್ಟುಕೊಟ್ಟರೆಂದು ಅವರ ಕುಟುಂಬದವರು ಹೇಳುತ್ತ ಬಂದಿದ್ದಾರೆ. 1967ರಲ್ಲಿ ಸೆಲ್ಟಿಕ್ ಯುರೋಪಿಯನ್ ಕಪ್ ಗೆದ್ದ ಪ್ರಥಮ ಬ್ರಿಟಿಷ್ ತಂಡವಾಯಿತು. ಅದನ್ನು ತರಬೇತುಗೊಳಿಸಿದ ಜಾಕ್ ಸ್ಟೀನ್ ಪ್ರೊಟೆಸ್ಟೆಂಟ್ ಆಗಿದ್ದರು. 1994ರಲ್ಲಿ ದಿವಾಳಿಯ ಅಂಚಿನಿಂದ ಪಾರಾದ ಕ್ಲಬ್ಬು, ಮರುವರ್ಷ ದಾನನಿಧಿಯೊಂದನ್ನು ಹೊಸದಾಗಿ ಸ್ಥಾಪಿಸಿತು. 2005ರಲ್ಲಿ ಅಭಿಮಾನಿಗಳು ಚಂದಾ ಕೂಡಿಸಿ ಮೈದಾನದ ಮುಂದೆ ಬ್ರದರ್ ವಾಲ್‌ಫ್ರಿಡ್ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ನಿಲುವಂಗಿ ಧರಿಸಿ ಕುಳಿತಿರುವ ಶಾಲಾಮಾಸ್ತರರ ಪ್ರತಿಮೆಯದು.