ಬೆಂಕಿಪುರದ ಹಳಿಗಳು ಮತ್ತು ನಮ್ಮ ವಿಶ್ವೇಶ್ವರಯ್ಯ

ಸೆಪ್ಟೆಂಬರ್ 15 ಬಂತು ಅಂದ್ರೆ ಪ್ರತಿ ಇಂಜಿನಿಯರಿಂಗ್ ಕಾಲೇಜಿನಲ್ಲೂ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ, ಭಾಷಣದಲ್ಲಿ ಕನ್ನಂಬಾಡಿ ಕಟ್ಟೆ ಬಂದೇ ಬರುತ್ತೆ. ಆದರೆ ಶಿವಮೊಗ್ಗದಿಂದ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಗೆ ಅವರು ಕೊಟ್ಟ ವರ್ಷಗಳ ಬಗ್ಗೆ ಮಾತು ಕಡಿಮೆ. ನಮ್ಮ ಜಿಲ್ಲೆಯವರಿಗೆ ಆ ಕಥೆ ಗೊತ್ತಿರಬೇಕು.

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ ಅವರ ಊರು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಬಾಂಬೆ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಅಣೆಕಟ್ಟಿನ ಸ್ವಯಂಚಾಲಿತ ಗೇಟು, 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿನ ಕೆಲಸ, ಇವೆಲ್ಲ ಆದಮೇಲೆ 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನರು.

ಮೈಸೂರು ರಾಜ್ಯಕ್ಕೆ ಒಂದು ದೊಡ್ಡ ಕೊರತೆ ಇತ್ತು. ಅದಿರು, ಕಾಡು, ನೀರು ಎಲ್ಲಾ ಇದ್ದರೂ ಸಮುದ್ರ ಇರಲಿಲ್ಲ. ಕರಾವಳಿ ಆಗ ಬ್ರಿಟಿಷರ ಪ್ರಾಂತ್ಯಗಳಲ್ಲಿತ್ತು. ಭಟ್ಕಳದಲ್ಲಿ ಬಂದರು ಕಟ್ಟಿ, ಅಲ್ಲಿಗೆ ಮೈಸೂರಿನಿಂದ ರೈಲು ಹಾಕಬೇಕು ಅನ್ನೋದು ವಿಶ್ವೇಶ್ವರಯ್ಯನವರ ಯೋಜನೆ. ಕೊನೆಗೂ ಅದು ಆಗಲಿಲ್ಲ.

ಕಬ್ಬಿಣದ ಯೋಜನೆ ಮಾತ್ರ ಕೈಗೂಡಿತು. ಜಾಗ ಭದ್ರಾ ನದಿಯ ದಡದ ಬೆಂಕಿಪುರ, ಅಂದರೆ ಇವತ್ತಿನ ಭದ್ರಾವತಿ. ಬೀರೂರು–ಶಿವಮೊಗ್ಗ ಮೀಟರ್ ಗೇಜ್ ಲೈನು 1899ರಲ್ಲೇ ಬಂದಿತ್ತು. ಕಲ್ಲಿದ್ದಲು ತರಬೇಕಂದ್ರೆ ಬಂಗಾಳ–ಬಿಹಾರದ ಕಡೆಯಿಂದ ತರಬೇಕು, ಅದರ ಸಾಗಾಣಿಕೆ ಖರ್ಚೇ ಕಾರ್ಖಾನೆಯನ್ನು ಮುಳುಗಿಸುತ್ತಿತ್ತು. ಅದಕ್ಕೆ ಮಲೆನಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಿ ಅದರಲ್ಲೇ ಅದಿರು ಕರಗಿಸುವುದು ಅಂತಾಯಿತು. ಇದ್ದಿಲಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಬೀಡುಕಬ್ಬಿಣದ ಗುಣಮಟ್ಟ ಚೆನ್ನಾಗಿರುತ್ತೆ. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದಾಗ ಬರುವ ಆವಿಯನ್ನೂ ಬಿಡದೆ ಮರದ ಆಲ್ಕೋಹಾಲ್, ಟಾರ್ ತೆಗೆಯುವ ಲೆಕ್ಕ ಇತ್ತು.

ಒಂದು ಟನ್ ಕಬ್ಬಿಣಕ್ಕೆ ಅದರ ಹಲವು ಪಟ್ಟು ಕಟ್ಟಿಗೆ ಬೇಕು. ಎತ್ತಿನಗಾಡಿ ನಂಬಿಕೊಂಡು ಬ್ಲಾಸ್ಟ್ ಫರ್ನೇಸ್ ನಡೆಸೋಕಾಗಲ್ಲ. ಒಮ್ಮೆ ಹಚ್ಚಿದ ಫರ್ನೇಸ್‌ಗೆ ಹಗಲು ರಾತ್ರಿ ಮೇವು ಬೀಳುತ್ತಲೇ ಇರಬೇಕು. ಅದಕ್ಕೇ ಕಾಡಿನೊಳಗೆ ಟ್ರಾಮ್‌ವೇ ಹಳಿಗಳು ಹೋದವು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಪುಟ್ಟ ಉಗಿ ಎಂಜಿನ್‌ಗಳ ಹಿಂದೆ ಭದ್ರಾವತಿಗೆ ಬರುತ್ತಿತ್ತು. ಕಾರ್ಖಾನೆಗೆ ಜೀವ ಕೊಟ್ಟದ್ದು ಈ ಹಳಿಗಳು. ಮಲೆನಾಡಿನ ಎಷ್ಟೋ ಮರಗಳು ಇದೇ ಹಳಿಗಳ ಮೇಲೆ ಹೋದವು ಅನ್ನೋದನ್ನೂ ಮರೆಯಬಾರದು.

ಫರ್ನೇಸ್ ಹತ್ತುವ ಮೊದಲೇ, 1918ರಲ್ಲಿ, ಅವರು ದಿವಾನಗಿರಿ ಬಿಟ್ಟಿದ್ದರು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಮೀಸಲು ಕೊಡುವ ವಿಷಯದಲ್ಲಿ ಮಹಾರಾಜರ ಜೊತೆ ಅವರಿಗೆ ಭಿನ್ನಾಭಿಪ್ರಾಯ ಇತ್ತು. ಇವತ್ತಿಗೂ ಚರ್ಚೆ ಆಗುವ ನಿಲುವು ಅದು. 1923ರ ಜನವರಿಯಲ್ಲಿ ಉತ್ಪಾದನೆ ಶುರುವಾಯಿತು. ಆದರೆ ಮಹಾಯುದ್ಧದ ನಂತರ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟವೂ ಜೋರು, ಟೀಕೆಯೂ ಜೋರು. ಆಗ ಸರ್ಕಾರ ಮತ್ತೆ ಅವರನ್ನೇ ಕರೆಯಿತು.

ಅರವತ್ತು ದಾಟಿದ್ದ ಅವರು 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಖರ್ಚು ಕಡಿಮೆ ಮಾಡಿದರು, ವಿದೇಶಿ ತಜ್ಞರ ಜಾಗಕ್ಕೆ ನಮ್ಮವರನ್ನು ತಯಾರು ಮಾಡಿದರು. ಬರೀ ಬೀಡುಕಬ್ಬಿಣ ಮಾರುವ ಬದಲು ಪೈಪು ಎರಕ ಹೊಯ್ದು ಮಾರುವ ದಾರಿ ಹಿಡಿದರು. ಈ ಕೆಲಸಕ್ಕೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಒಂದು ವೃತ್ತಿ ಶಿಕ್ಷಣ ಸಂಸ್ಥೆಗೆ ಕೊಟ್ಟರು. ಅದಕ್ಕೆ ಅವರ ಹೆಸರಿಲ್ಲ, ಮಹಾರಾಜ ಜಯಚಾಮರಾಜೇಂದ್ರರ ಹೆಸರಿದೆ. 1955ರಲ್ಲಿ ಭಾರತ ರತ್ನ ಬಂತು. ನೂರು ವರ್ಷ ದಾಟಿ ಬದುಕಿ 1962ರಲ್ಲಿ ತೀರಿಕೊಂಡರು. ಕಾರ್ಖಾನೆಗೆ ಅವರ ಹೆಸರು ಬಂದದ್ದು ಅದಾದ ಮೇಲೆ.

ಉತ್ಪಾದನೆ ಶುರುವಾಗಿ ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದು ಮಿಲ್ಲು ಮತ್ತೆ ತಿರುಗಿತು. ಕೆಮ್ಮಣ್ಣುಗುಂಡಿಯಲ್ಲಿ ಈಗ ಗಣಿ ಇಲ್ಲ, ಅದಿರಿನ ಪುಟ್ಟ ರೈಲೂ ಇಲ್ಲ. ಶಿವಮೊಗ್ಗದಿಂದ ಸಮುದ್ರದ ಕಡೆ ಹೊರಟ ರೈಲು ಇವತ್ತಿಗೂ ತಾಳಗುಪ್ಪದಲ್ಲೇ ನಿಲ್ಲುತ್ತೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹಳೇ ಬಂದರಿನ ಕೆಲಸ ನಿಂತ ಮೇಲೂ ಅಲ್ಲಿನ ಹಳಿಗಳನ್ನು ಕಿತ್ತು ಗುಜರಿಗೆ ಹಾಕಲಿಲ್ಲ. ಮ್ಯೂಸಿಯಂನವರು ರಿಪೇರಿ ಮಾಡಿದ ಉಗಿ ಎಂಜಿನ್‌ಗಳನ್ನು ಎಷ್ಟೋ ವರ್ಷ ದಡದ ಉದ್ದಕ್ಕೂ ಓಡಿಸ್ತಿದ್ದರು, ಮಕ್ಕಳು ಹತ್ತಿ ಕೂರ್ತಿದ್ದರು. ಭದ್ರಾವತಿಯಲ್ಲಿ ಒಂದೇ ಒಂದು ಕಿಲೋಮೀಟರ್ ಹಳಿಯ ಮೇಲೆ ಅಂಥದ್ದೊಂದು ಎಂಜಿನ್ ಓಡಿದರೂ ಈ ಊರು ಹೇಗೆ ಹುಟ್ಟಿತು ಅಂತ ಮಕ್ಕಳಿಗೆ ಪಾಠ ಮಾಡೋದೇ ಬೇಕಾಗಲ್ಲ. ನಷ್ಟದ ಕಾರ್ಖಾನೆಯನ್ನು ಆರು ವರ್ಷ ಕೂತು ರಿಪೇರಿ ಮಾಡಿದ ಇಂಜಿನಿಯರ್‌ಗೆ ನಾವು ಕೊಡುವ ಗೌರವ ಹಾರದ ಜೊತೆಗೆ ಸ್ವಲ್ಪ ರಿಪೇರಿ ಕೆಲಸವೂ ಆಗಿರಲಿ.