ತಾಯಂದಿರ ಬಂಧು ಲೂಸಿ ವಿಲ್ಸ್

ಕಾವೇರಿಯ ನಾಲೆಗಳಿಂದ ಹಸುರಾದ ಶ್ರೀರಂಗಪಟ್ಟಣ ಮತ್ತು ಪಾಂಡವಪುರ, ಹೇಮಾವತಿಯ ನೀರುಂಡ ಕೃಷ್ಣರಾಜಪೇಟೆ, ರಾಗಿಯ ಹೊಲಗಳ ನಾಗಮಂಗಲ, ಇವು ಮಂಡ್ಯ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಹಳ್ಳಿಗಳಲ್ಲಿ ಗರ್ಭಿಣಿಯರಿಗೆ ಸರ್ಕಾರದ ವತಿಯಿಂದ ಕೆಂಪು ಬಣ್ಣದ ಗುಳಿಗೆಗಳನ್ನು ಕೊಡಲಾಗುತ್ತದೆ. ಒಂದೊಂದು ಗುಳಿಗೆಯಲ್ಲಿಯೂ 60 ಮಿಲಿಗ್ರಾಂ ಕಬ್ಬಿಣದ ಅಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ರಕ್ತಕ್ಕೆ ಕಬ್ಬಿಣ ಬೇಕೆಂಬುದನ್ನು ಬಹುಮಂದಿ ಬಲ್ಲರು. ಆದರೆ ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದ ಆ ಫೋಲಿಕ್ ಆಮ್ಲದ ಹಿಂದೆ ಒಬ್ಬ ಮಹಿಳೆಯ ಜೀವಮಾನದ ದುಡಿಮೆ ಅಡಗಿದೆ. ಆಕೆಯೇ ಲೂಸಿ ವಿಲ್ಸ್.

ಲೂಸಿ ವಿಲ್ಸ್ ಅವರು 1888ನೆಯ ಇಸವಿ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬಳಿಯ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಸುಲಭವಾಗಿ ದೊರೆಯದಿದ್ದ ಕಾಲ ಅದು. ಆದರೂ ಅವರು ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿ, ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನಗಳನ್ನು ಅಭ್ಯಾಸಮಾಡಿ, 1911ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಪರೀಕ್ಷೆ ಮುಗಿಸಿದರೂ ಪದವಿ ಮಾತ್ರ ಕೈಗೆ ಬರಲಿಲ್ಲ. ಆ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪೂರ್ಣ ಪದವಿ ನೀಡಲಾರಂಭಿಸಿದ್ದು 1948ರಲ್ಲಿ.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಅವರು ದಕ್ಷಿಣ ಆಫ್ರಿಕದಲ್ಲಿದ್ದರು. ಅಲ್ಲಿನ ಕೇಪ್‌ಟೌನ್ ನಗರದಲ್ಲಿ ಕೆಲವು ವಾರಗಳ ಕಾಲ ದಾದಿಯಾಗಿ ಸೇವೆ ಸಲ್ಲಿಸಿದರು. ಸ್ವದೇಶಕ್ಕೆ ಮರಳಿದೊಡನೆ ಸ್ತ್ರೀಯರಿಗಾಗಿಯೇ ಇದ್ದ ಲಂಡನ್ನಿನ ವೈದ್ಯಕೀಯ ಶಾಲೆಯನ್ನು ಸೇರಿ, 1920ರಲ್ಲಿ ವೈದ್ಯೆಯಾದರು. ಆದರೆ ರೋಗಿಗಳಿಗೆ ಔಷಧಿ ಬರೆದುಕೊಡುವುದಕ್ಕಿಂತ ರೋಗದ ಮೂಲವನ್ನು ಅರಸುವುದರಲ್ಲಿ ಅವರ ಮನಸ್ಸು ನೆಟ್ಟಿತ್ತು. ಆದುದರಿಂದ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನೆಗೆ ತೊಡಗಿದರು.

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇದೆ. ಆ ಮಾತಿನ ಹಿಂದಿನ ಭಯ ಸುಳ್ಳಾಗಿರಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರು ಒಂದು ವಿಚಿತ್ರ ರೋಗಕ್ಕೆ ತುತ್ತಾಗುತ್ತಿದ್ದರು. ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಹೆರಿಗೆಗೆ ಮುನ್ನವೋ ಹೆರಿಗೆಯಾದ ಬಳಿಕವೋ ಅನೇಕರು ಅಸುನೀಗುತ್ತಿದ್ದರು. ಈ ರಕ್ತಹೀನತೆಯ ಕಾರಣವನ್ನು ಶೋಧಿಸಲೆಂದು ಲೂಸಿ ವಿಲ್ಸ್ ಅವರು 1928ರಲ್ಲಿ ಮುಂಬಯಿಗೆ ಬಂದು ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸ ಆರಂಭಿಸಿದರು. ಆಗ ಅವರಿಗೆ 40 ವರ್ಷ.

ಸೂಕ್ಷ್ಮದರ್ಶಕದಲ್ಲಿ ಆ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ ಒಂದು ವಿಶೇಷ ಕಂಡುಬಂದಿತು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಉಂಟಾದರೆ ಕೆಂಪು ರಕ್ತಕಣಗಳು ಸಾಮಾನ್ಯವಾಗಿ ಚಿಕ್ಕವಾಗುತ್ತವೆ. ಈ ತಾಯಂದಿರಲ್ಲಾದರೋ ಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿದ್ದು, ಗಾತ್ರದಲ್ಲಿ ಮಿತಿಮೀರಿ ಬೆಳೆದಿದ್ದವು. ಇದು ಯಾವುದೋ ಸೋಂಕಿನ ಫಲವಿರಬಹುದೇ ಎಂದು ಅವರು ಮೊದಲು ಪರಿಶೀಲಿಸಿದರು. ಅಂಥ ರೋಗಾಣುವು ಸಿಕ್ಕಲಿಲ್ಲ. ಆಗ ಅವರ ದೃಷ್ಟಿ ಪ್ರಯೋಗಾಲಯದಿಂದ ಹೊರಟು ರೋಗಿಗಳ ಊಟದ ತಟ್ಟೆಯ ಕಡೆಗೆ ಹರಿಯಿತು. ಬೇರೆ ಬೇರೆ ವರ್ಗದ ಹೆಂಗಸರು ಏನನ್ನು ಉಣ್ಣುವರೆಂಬುದನ್ನು ಅವರು ಅಭ್ಯಾಸಮಾಡಿದರು. ಉಳ್ಳವರ ಮನೆಯ ಗರ್ಭಿಣಿಯರಲ್ಲಿ ಈ ರೋಗ ವಿರಳವಾಗಿತ್ತು. ಹಾಲು, ಹಣ್ಣು, ಸೊಪ್ಪು, ತರಕಾರಿಗಳು ಅಪರೂಪವಾಗಿದ್ದ ಬಡವರಲ್ಲಿಯೇ ಅದು ಹೆಚ್ಚಾಗಿತ್ತು. ರೋಗಕ್ಕೆ ಮೂಲ ಆಹಾರದ ಕೊರತೆಯೆಂಬ ನಂಬಿಕೆ ಅವರಲ್ಲಿ ಬಲವಾಯಿತು.

ನಂಬಿಕೆಗೆ ಪ್ರಮಾಣ ಬೇಕಷ್ಟೆ. ಅವರು ನೀಲಗಿರಿಯ ಕೂನೂರಿನ ಸಂಶೋಧನಾಲಯದಲ್ಲಿಯೂ, ಮದರಾಸಿನಲ್ಲಿ ಪರದೆಯ ಪದ್ಧತಿಯವರಿಗಾಗಿದ್ದ ಗೋಷಾ ಆಸ್ಪತ್ರೆಯಲ್ಲಿಯೂ ಶ್ರಮಿಸಿದರು. ಬಡವರ ಊಟವನ್ನು ಹೋಲುವ ಆಹಾರವನ್ನು ಪ್ರಾಣಿಗಳಿಗೆ ಕೊಟ್ಟು ಪರಿಣಾಮವನ್ನು ಗಮನಿಸಿದರು. ಆ ಆಹಾರವನ್ನೇ ತಿಂದ ಮಂಗಗಳು ರಕ್ತಹೀನವಾದವು; ಮಾರ್ಮೈಟ್ ಎಂಬ ಪದಾರ್ಥವನ್ನು ಕೊಟ್ಟಾಗ ಚೇತರಿಸಿಕೊಂಡವು. ಮದ್ಯ ತಯಾರಿಕೆಯಲ್ಲಿ ಉಳಿಯುವ ಯೀಸ್ಟ್‌ನಿಂದ ಮಾಡುವ ಮಾರ್ಮೈಟ್ ಇಂಗ್ಲಿಷರು ರೊಟ್ಟಿಗೆ ಸವರಿ ತಿನ್ನುವ ಒಂದು ಅಗ್ಗದ ವಸ್ತು. ಅದನ್ನೇ ರೋಗಿಗಳಾದ ತಾಯಂದಿರಿಗೆ ಕೊಟ್ಟರು. ಸಾವಿನಂಚಿನಲ್ಲಿದ್ದವರು ಗುಣಮುಖರಾದರು. ಈ ಫಲಿತಾಂಶವನ್ನು ಅವರು 1931ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

ಆ ಕಾಲದಲ್ಲಿ ಮತ್ತೊಂದು ಬಗೆಯ ಮಾರಕ ರಕ್ತಹೀನತೆಗೆ ಯಕೃತ್ತಿನ ಸಾರವನ್ನು ಕೊಡುತ್ತಿದ್ದರು. ಆ ಸಾರವನ್ನು ಬಹಳವಾಗಿ ಶುದ್ಧಿಗೊಳಿಸಿ ಕೊಟ್ಟಾಗ, ಲೂಸಿ ವಿಲ್ಸ್ ಅವರು ಅಧ್ಯಯನ ಮಾಡಿದ ರೋಗ ವಾಸಿಯಾಗಲಿಲ್ಲ. ಹಾಗಾದರೆ ಯೀಸ್ಟ್‌ನಲ್ಲಿರುವ ಪೋಷಕಾಂಶವು ಬೇರೆಯೇ ಆಗಿರಬೇಕೆಂದು ಅವರು ತೋರಿಸಿಕೊಟ್ಟರು. ಅದರ ಹೆಸರಾಗಲಿ ರಚನೆಯಾಗಲಿ ಆಗ ಯಾರಿಗೂ ತಿಳಿದಿರಲಿಲ್ಲ. ವಿಜ್ಞಾನಿಗಳು ಅದನ್ನು ವಿಲ್ಸ್ ಅಂಶವೆಂದೇ ಕರೆದರು. 1941ರಲ್ಲಿ ಅಮೆರಿಕದ ಸಂಶೋಧಕರು ಪಾಲಕ್ ಸೊಪ್ಪಿನಿಂದ ಒಂದು ಪೋಷಕಾಂಶವನ್ನು ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಆಂಧ್ರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡವು 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸುವ ಮಾರ್ಗವನ್ನು ಸಾಧಿಸಿತು. ಲೂಸಿ ವಿಲ್ಸ್ ಅವರು ಭಾರತದ ತಾಯಂದಿರಲ್ಲಿ ಕಂಡ ಕೊರತೆ ಇದರದೇ ಎಂಬುದು ಹೀಗೆ ಸ್ಥಿರಪಟ್ಟಿತು. ಹೊಸ ಜೀವಕೋಶಗಳು ವಿಭಜನೆ ಹೊಂದಲು ಈ ಆಮ್ಲ ಅವಶ್ಯ. ಅದು ಸಾಲದಾದಾಗ ರಕ್ತಕಣಗಳು ಒಡೆದು ಎರಡಾಗಲಾರದೆ ದೊಡ್ಡವಾಗಿಯೇ ಉಳಿಯುತ್ತವೆ. ಮಗುವು ಗರ್ಭದಲ್ಲಿ ಬೆಳೆಯುವಾಗ ಅದರ ಅಗತ್ಯ ಇನ್ನೂ ಹೆಚ್ಚುತ್ತದೆ.

ಲೂಸಿ ವಿಲ್ಸ್ ಅವರು ಲಂಡನ್ನಿಗೆ ಮರಳಿ, 1947ರಲ್ಲಿ ನಿವೃತ್ತರಾಗುವವರೆಗೂ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ದುಡಿದರು. ನಿವೃತ್ತಿಯ ಬಳಿಕವೂ ಫಿಜಿ ಮೊದಲಾದ ದೂರದೇಶಗಳಿಗೆ ಹೋಗಿ ಆಹಾರ ಮತ್ತು ರಕ್ತಹೀನತೆಗಳ ಅಧ್ಯಯನವನ್ನು ಮುಂದುವರಿಸಿದರು. ಅವರದು ಆಡಂಬರವಿಲ್ಲದ ಬದುಕು. ಮೋಟಾರು ಕಾರಿಗಿಂತ ಸೈಕಲ್ಲೇ ಅವರಿಗೆ ಪ್ರಿಯವಾಗಿತ್ತು. 1934ರಲ್ಲಿ ರಕ್ತಹೀನತೆಯ ಸಂಶೋಧನೆಗಾಗಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕ ಸಂದಿತು. ಆ ಮೂವರಲ್ಲಿ ಲೂಸಿ ವಿಲ್ಸ್ ಇರಲಿಲ್ಲ. 1964ನೆಯ ಇಸವಿ ಏಪ್ರಿಲ್ 16ರಂದು ಅವರು ನಿಧನ ಹೊಂದಿದರು.

ಅವರು ತೆರೆದ ದಾರಿ ಅವರೊಡನೆ ಮುಗಿಯಲಿಲ್ಲ. ಏಳು ದೇಶಗಳ 1817 ಸ್ತ್ರೀಯರನ್ನು ಒಳಗೊಂಡ ಪ್ರಯೋಗವೊಂದರ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಮಿದುಳು ಮತ್ತು ಬೆನ್ನುಹುರಿಯ ದೋಷವಿದ್ದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರು ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ, ಮುಂದಿನ ಮಗುವಿನಲ್ಲಿ ಆ ದೋಷ ಮರುಕಳಿಸುವ ಸಂಭವ ಶೇಕಡ 72ರಷ್ಟು ತಗ್ಗುತ್ತದೆಂದು ಅದು ತೋರಿಸಿತು. ಮಗುವಿನ ಬೆನ್ನುಹುರಿಗೆ ಮೂಲವಾದ ನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ, ಎಷ್ಟೋ ವೇಳೆ ತಾಯಿಗೆ ತಾನು ಗರ್ಭಿಣಿಯೆಂದು ತಿಳಿಯುವ ಮೊದಲೇ, ಕೂಡಿಕೊಳ್ಳುತ್ತದೆ. ಆದುದರಿಂದಲೇ ಗರ್ಭಧಾರಣೆಗೆ ಮುನ್ನವೇ ಇದನ್ನು ಸೇವಿಸತಕ್ಕದ್ದೆಂದು ವೈದ್ಯರು ಸಲಹೆ ನೀಡುತ್ತಾರೆ.

ಮಂಡ್ಯ ಸೀಮೆಯ ಮನೆಗಳಲ್ಲಿ ಸೊಪ್ಪು, ಕಾಳುಗಳನ್ನು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿ ಮುದ್ದೆಯೊಡನೆ ಉಣ್ಣುತ್ತಾರೆ. ಫೋಲಿಕ್ ಆಮ್ಲದ ವರ್ಗದ ಪೋಷಕಾಂಶಗಳು ಸೊಪ್ಪು, ಕಾಳುಗಳಲ್ಲಿ ಹೇರಳ. ಅವು ನೀರಿನಲ್ಲಿ ಕರಗುತ್ತವೆ, ಹೆಚ್ಚು ಕುದಿಸಿದರೆ ನಾಶವಾಗುತ್ತವೆ. ಬಸಿದ ನೀರನ್ನು ಉಳಿಸಿಕೊಳ್ಳುವ ನಮ್ಮ ಹಿರಿಯರ ರೂಢಿಯಲ್ಲಿ ಎಂಥ ವಿವೇಕವಿದೆಯೆಂಬುದನ್ನು ಇದರಿಂದ ಊಹಿಸಬಹುದು. ಆದರೂ ಗರ್ಭಿಣಿಗೆ ಊಟವೊಂದೇ ಸಾಲದು, ಗುಳಿಗೆಯೂ ಬೇಕು.

ಹದಿಹರೆಯದ ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿಯೂ ಈ ಎರಡು ಅಂಶಗಳೇ ಇವೆ. ಅದನ್ನು ಬೇಸರದಿಂದ ಬದಿಗಿಡುವವರುಂಟು. ಅದರೊಳಗಿನ ಫೋಲಿಕ್ ಆಮ್ಲದ ಜಾಡನ್ನು ಮೊದಲು ಹಿಡಿದವರು, ಮುಂಬಯಿಯ ಬಡ ತಾಯಂದಿರ ಊಟದ ತಟ್ಟೆಯಲ್ಲಿ ಏನಿಲ್ಲವೆಂದು ವರ್ಷಗಟ್ಟಲೆ ಹುಡುಕಿದ ಲೂಸಿ ವಿಲ್ಸ್.